ಚಟ್ನಿಪುಡಿಗೊಂದು ಬುಟ್ಟಿ

ಆಚೆಮನೆ ಅಕ್ಕನಿಗೆ ಈಗ ಬುಟ್ಟಿಯ ಚಿಂತೆ. ಬಿದಿರು ಬುಟ್ಟಿ ಅಟ್ಟದ ಮೇಲೆ ಬೇಕಾದಷ್ಟಿವೆ, ಇದು ಕಂಪ್ಯೂಟರಿನ ಬುಟ್ಟಿ, ಕಾರ್ಟು ಅಂತಾರಲ್ಲ ಅದು. ಹಬ್ಬಕ್ಕೆ ಬಂದ ಮಗ ಅಮ್ಮನ ಕೊಬ್ಬರಿ ಚಟ್ನಿಪುಡಿಗೊಂದು ವೆಬ್‌ಸೈಟು ಮಾಡಿಟ್ಟು ಬೆಂಗಳೂರಿಗೆ ಹೊರಟುಹೋದ. ಅಟ್ಟದ ಫೋಟೋ ಇದೆ, ಮೂಲೆ ಸೇರಿದ್ದ ಒರಳಿನ ಫೋಟೋ ಇದೆ, ಮದುವೆ ಮನೆಗೆ ಮಾತ್ರ ಉಡುವ ಸೀರೆಯಲ್ಲಿ ಅಕ್ಕ ಒಗ್ಗರಣೆ ಹಾಕುತ್ತಿರುವ ಫೋಟೋ ಕೂಡ ಇದೆ. ಕೊಳ್ಳೋದು ಎಲ್ಲಿ ಅನ್ನೋದೊಂದು ಮಾತ್ರ ಇಲ್ಲ. “ಮುಂದಿನ ಸಲ ಬಂದಾಗ ಹಾಕ್ತೀನಮ್ಮ, ಸಿಂಪಲ್ ಕಾರ್ಟು, ಒಂದು ಗಂಟೆ ಕೆಲಸ” ಅಂದನಂತೆ.

ನಮ್ಮ ಕಡೂರಿನ ಈ ಬೀದಿಯಲ್ಲಿ ಕಾಂಪೌಂಡು ಕಟ್ಟಿಸಿದವರೆಲ್ಲ ಎದೆಮಟ್ಟಕ್ಕೇ ನಿಲ್ಲಿಸಿದ್ದಾರೆ. ದುಡ್ಡು ಸಾಲದೆ ಅಂತ ಕೆಲವರು ಹೇಳುತ್ತಾರೆ, ಮಾತು ಸಾಲದೆ ಅಂತ ನನ್ನ ಗುಮಾನಿ. ಅಕ್ಕ ಬಟ್ಟೆ ಹಿಂಡುತ್ತಲೇ ಶುರು ಮಾಡಿದರು.

“ತಮ್ಮಾ, ನೀನು ಪೇಪರಿಗೆ ಬರೆಯೋನು, ಹೇಳು. ಆ ಕಾರ್ಟು ಹಾಕಿದ್ರೆ ಜನ ಅವರೇ ಆರಿಸ್ಕೊಂಡು, ಅವರೇ ದುಡ್ಡು ಹಾಕಿ, ಅವರೇ ವಿಳಾಸ ಬರೆದು ಹೋಗ್ತಾರಂತೆ. ನಾನು ಬರೀ ಕಳಿಸಿದ್ರೆ ಸಾಕಂತೆ. ನಿಜವಾ?”

“ನಿಜ ಕಣಕ್ಕ. ಆದ್ರೆ ಕಳಿಸೋದೇ ಮುಕ್ಕಾಲು ಪಾಲು ಕೆಲಸ.”

ಬುಟ್ಟಿಯ ಪುರಾಣ ತೆಗೆದೆ. ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ಅಂತ ಅಂಗಡಿ ಮಾಲೀಕನಿದ್ದ. ಕೈಬುಟ್ಟಿ ಭಾರವಾದ ಕೂಡಲೇ ಗಿರಾಕಿಗಳು ಕೊಳ್ಳೋದು ನಿಲ್ಲಿಸುತ್ತಾರೆ ಅನ್ನೋದನ್ನ ಗಮನಿಸಿದ. ಮಡಚುವ ಕುರ್ಚಿ ನೋಡಿ ಹೊಳೆಯಿತಂತೆ: ಅದಕ್ಕೆ ಚಕ್ರ ಹಾಕಿ, ಮೇಲೊಂದು ಕೆಳಗೊಂದು ಬುಟ್ಟಿ ಕೂರಿಸಿ, 1937ರಲ್ಲಿ ಅಂಗಡಿಗೆ ತಂದು ನಿಲ್ಲಿಸಿದ. ಒಬ್ಬರೂ ಮುಟ್ಟಲಿಲ್ಲ. ‘ನಮಗೇನು ಬುಟ್ಟಿ ಹೊರುವ ಶಕ್ತಿಯಿಲ್ಲವಾ’ ಅಂತ ಗಂಡಸರು. ‘ಮಕ್ಕಳ ಗಾಡಿ ತಳ್ಳಿ ತಳ್ಳಿ ಸಾಕಾಗಿದೆ’ ಅಂತ ಹೆಂಗಸರು. ಕೊನೆಗೆ ಗೋಲ್ಡ್‌ಮನ್ ಕೂಲಿ ಕೊಟ್ಟು ಒಂದಷ್ಟು ಜನರನ್ನು ಕರೆಸಿ, ಬಾಗಿಲ ಬಳಿ ಆ ಗಾಡಿ ತಳ್ಳಿಕೊಂಡು ಸಾಮಾನು ಕೊಳ್ಳುವ ನಟನೆ ಮಾಡಿಸಿದ. ಆಮೇಲೆ ಉಳಿದವರೂ ಹಿಡಿದರು.

“ಚುನಾವಣೆ ಸಭೆಗೆ ಲಾರೀಲಿ ಜನ ತುಂಬ್ಕೊಂಡು ಬಂದಂಗೆ!” ಅಂದರು ಅಕ್ಕ. ಅವರಿಗೆ ಗೋಲ್ಡ್‌ಮನ್ ತಕ್ಷಣ ಅರ್ಥವಾದ.

ಕಂಪ್ಯೂಟರಿನ ಬುಟ್ಟಿಗೆ ಬೇರೆಯದೇ ಕಷ್ಟವಿತ್ತು, ಮರೆವಿನ ಕಷ್ಟ. ಮೊದಮೊದಲು ವೆಬ್‌ಸೈಟುಗಳಿಗೆ ನೆನಪೇ ಇರಲಿಲ್ಲ. ಒಂದು ಪುಟದಲ್ಲಿ ಚಟ್ನಿಪುಡಿ ಆರಿಸಿ ಇನ್ನೊಂದು ಪುಟಕ್ಕೆ ಹೋದರೆ, ‘ನೀವು ಯಾರು’ ಅಂತ ಕೇಳುವ ಹಾಗೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದಕ್ಕೆ ಒಂದು ಉಪಾಯ ಮಾಡಿದ. ಗಿರಾಕಿಯ ಕಂಪ್ಯೂಟರಿನಲ್ಲೇ ಒಂದು ಸಣ್ಣ ಚೀಟಿ ಇಟ್ಟುಬಿಡೋದು, ಮುಂದಿನ ಪುಟದಲ್ಲಿ ಅದನ್ನು ಓದಿಕೊಳ್ಳೋದು. ಅದೇ ಕುಕ್ಕಿ. ಇವತ್ತು ಯಾವ ಪುಟ ತೆರೆದರೂ ‘ಕುಕ್ಕಿಗೆ ಒಪ್ಪಿಗೆಯಾ’ ಅಂತ ಅಡ್ಡ ಬರುತ್ತದಲ್ಲ, ಆ ಕುಕ್ಕಿ ಹುಟ್ಟಿದ್ದು ಇಂಥದೊಂದು ಬುಟ್ಟಿಯ ನೆನಪಿಗಾಗಿ. ಈಗ ಬಿಡಿ, ವೆಬ್‌ಸೈಟು ಕಟ್ಟುವ ವರ್ಡ್‌ಪ್ರೆಸ್ಸಿಗೆ 2011ರಿಂದ ವೂಕಾಮರ್ಸ್ ಅನ್ನುವ ಬುಟ್ಟಿ ಇದೆ, ಪುಕ್ಕಟೆ. ಮಗ ಹೇಳಿದ ಒಂದು ಗಂಟೆ ಸುಳ್ಳೇನಲ್ಲ, ಬುಟ್ಟಿ ಕೂರಿಸೋಕೆ ಅಷ್ಟೇ ಸಾಕು. ದುಡ್ಡು ವಸೂಲಿ ಮಾಡಿಕೊಡುವ ಗೇಟ್‌ವೇ ಕಂಪನಿಗಳು ನೂರಕ್ಕೆ ಎರಡು ರೂಪಾಯಿ ಆಸುಪಾಸು ಮುರಿದುಕೊಳ್ಳುತ್ತವೆ, ಅದರ ಮೇಲೆ ಜಿಎಸ್‌ಟಿ. ಇಷ್ಟೇ ಕಥೆ.

ಆ ಹೊತ್ತಿಗೆ ಅಕ್ಕನ ಮನೆಗೆ ಬಂದಿದ್ದ ಇಬ್ಬರು ನೆಂಟರೂ ಕಾಫಿ ಲೋಟ ಹಿಡಿದು ಕಾಂಪೌಂಡಿಗೆ ಒರಗಿದರು. ಒಬ್ಬರು ತರೀಕೆರೆಯ ಭಾವ, ಅಡಿಕೆ ತೋಟದವರು. ಇನ್ನೊಬ್ಬರು ಅಜ್ಜಂಪುರದ ಬೀಗರು, ಈರುಳ್ಳಿ ಬೆಳೆಯುವವರು. ಮೂರೂ ಊರಿನವರು ಒಟ್ಟಿಗೆ ಕೂತರೆ ಮಾತು ಬೀರೂರು ಜಂಕ್ಷನ್ನಿನ ರೈಲಿನ ಥರ ಒಂದು ಶಿವಮೊಗ್ಗದ ಹಳಿಗೆ, ಒಂದು ಹುಬ್ಬಳ್ಳಿ ಹಳಿಗೆ ಹೊರಡುವುದೇ ವಾಡಿಕೆ. ಇವತ್ತು ಮಾತ್ರ ಎಲ್ಲ ಬುಟ್ಟಿಗೇ ಬಂದು ನಿಂತಿತು.

“ಅದ್ರೊಳಗೆ ನಮ್ಮ ಅಡಿಕೇನೂ ಹಾಕಬಹುದಾ?” ಭಾವನವರ ಪ್ರಶ್ನೆ.

“ಹಾಕಬಹುದು ಭಾವ. ಬೆಲೆ ಎಷ್ಟು ಅಂತ ಬರೆಯೋದು?”

ಭಾವ ಸುಮ್ಮನಾದರು. ಅಡಿಕೆಗೆ ಒಂದು ಬೆಲೆ ಅಂತ ಎಲ್ಲಿದೆ? ಸರಕು, ಬೆಟ್ಟೆ, ರಾಶಿ, ಗೊರಬಲು, ಒಂದೊಂದಕ್ಕೆ ಒಂದೊಂದು ದರ. ಅದೂ ಇವತ್ತಿನದು ನಾಳೆಗಿಲ್ಲ. ಕೊಳ್ಳುವವನು ಮೂಟೆಗೆ ಕೈಹಾಕಿ, ಬಣ್ಣ ನೋಡಿ, ಒಂದನ್ನು ಒಡೆದು ಬಾಯಿಗೆ ಹಾಕಿಕೊಂಡ ಮೇಲೇ ಮಾತು. ಫೋಟೋ ನೋಡಿ ಗುಂಡಿ ಒತ್ತಿ ಕ್ವಿಂಟಾಲ್ ಅಡಿಕೆ ತರಿಸಿಕೊಳ್ಳುವವನು ಸಿಕ್ಕರೆ ಅವನ ಮೇಲೇ ಅನುಮಾನ ಪಡಬೇಕು. ಮಂಡಿ, ಮ್ಯಾಮ್ಕೋಸಿನಂಥ ಅಡಿಕೆ ಸಹಕಾರ ಸಂಘ ಇರೋದು ಅದಕ್ಕೇ.

ಬೀಗರ ಈರುಳ್ಳಿಯದು ಇನ್ನೂ ಕಷ್ಟ. ರಾತ್ರಿ ಲಾರಿಗೆ ಹೇರಿ ಯಶವಂತಪುರದ ಯಾರ್ಡಿಗೆ ಕಳಿಸಿದರೆ, ಬೆಳಿಗ್ಗೆ ಅಲ್ಲಿ ಇಳಿಯುವ ಹೊತ್ತಿಗೆ ಹೊರಟಾಗಿನ ದರ ಇರುತ್ತದೆ ಅಂತ ಯಾರೂ ಹೇಳಲಾರರು. “ಹಾಗಾದ್ರೆ ನಾವು ವೆಬ್‌ಸೈಟಲ್ಲಿ ದರ ಬರೆದು ಅಳಿಸಿ, ಬರೆದು ಅಳಿಸಿ ಕೂರಬೇಕು ಅನ್ನಿ” ಅಂದರು. ಜೊತೆಗೆ ಕಿಲೋ ಈರುಳ್ಳಿಯ ಬೆಲೆಗಿಂತ ಅದನ್ನು ಮನೆಬಾಗಿಲಿಗೆ ಮುಟ್ಟಿಸುವ ಖರ್ಚೇ ಹೆಚ್ಚು. ಬುಟ್ಟಿಗೆ ಒಗ್ಗೋದು ಬೇರೆ ಜಾತಿಯ ಸರಕು: ಬೆಲೆ ತಿಂಗಳುಗಟ್ಟಲೆ ನಿಲ್ಲಬೇಕು, ಕೆಡಬಾರದು, ತೂಕಕ್ಕೆ ತಕ್ಕ ಬೆಲೆ ಬರಬೇಕು, ಎಲ್ಲ ಪೊಟ್ಟಣವೂ ಒಂದೇ ಥರ ಇರಬೇಕು. ಮೂರು ಊರಿನ ಮಾಲಿನಲ್ಲಿ ಪಾಸಾದದ್ದು ಅಕ್ಕನ ಚಟ್ನಿಪುಡಿ ಒಂದೇ. ಅಕ್ಕನ ಮುಖ ನೋಡಬೇಕಿತ್ತು!

ಕೆಡುವ ಹಣ್ಣನ್ನೂ ಬುಟ್ಟಿಗೆ ಒಗ್ಗಿಸಿದವರಿದ್ದಾರೆ. ರಾಜ್ಯದ ಮಾವು ಅಭಿವೃದ್ಧಿ ನಿಗಮ 2019ರಲ್ಲಿ ‘ಕರ್ಸಿರಿ’ ಅಂತ ಆನ್‌ಲೈನ್ ಅಂಗಡಿ ತೆರೆಯಿತಲ್ಲ, ಅವರೂ ಮಾವನ್ನು ಕಂಡಕಂಡಲ್ಲಿಗೆ ಕಳಿಸುತ್ತೇವೆ ಅನ್ನಲಿಲ್ಲ. ತೋಟದ ಹಣ್ಣನ್ನು ರೈತರಿಂದಲೇ ಡಬ್ಬಿಗೆ ತುಂಬಿಸಿ, ಅಂಚೆ ಇಲಾಖೆ ಕೈಗೆ ಕೊಟ್ಟು, ಬೆಂಗಳೂರಿನ ಮನೆಗಳಿಗೆ ಮುಟ್ಟಿಸಿದರು. ಊರು ಒಂದು, ಡಬ್ಬಿ ಒಂದಳತೆ. ಬುದ್ಧಿವಂತ ಕೆಲಸ.

ಇನ್ನು ಕಳಿಸುವ ವಿಚಾರ. ಅಕ್ಕನಿಗೆ ಚಟ್ನಿಪುಡಿಯ ಜೊತೆ ಅರಳು ಸಂಡಿಗೆಯನ್ನೂ ಮಾರುವ ಆಸೆ. ಒಂದು ಕಿಲೋ ಸಂಡಿಗೆ ಪುಡಿಯಾಗದಂತೆ ಕಳಿಸಬೇಕಾದರೆ ಡಬ್ಬ ದೊಡ್ಡದೇ ಬೇಕು. ಮೊನ್ನೆ ಒಂದು ರಟ್ಟಿನ ಡಬ್ಬ ತಂದು ಟೇಪು ಹಿಡಿದು ಅಳೆದೆವು: ಉದ್ದ 40 ಸೆಂಟಿಮೀಟರು, ಅಗಲ 30, ಎತ್ತರ 25. ಕೊರಿಯರಿನವರು ತಕ್ಕಡಿಯ ತೂಕವನ್ನಷ್ಟೇ ನೋಡೋದಿಲ್ಲ. ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 40 ಇಂಟು 30 ಇಂಟು 25 ಅಂದರೆ 30,000. ಭಾಗಿಸಿದರೆ 6. ಒಂದು ಕಿಲೋ ಸಂಡಿಗೆಗೆ ಆರು ಕಿಲೋ ಬಾಡಿಗೆ!

“ಮಿಕ್ಕ ಐದು ಕಿಲೋ ಏನು?”

“ಗಾಳಿ ಅಕ್ಕ. ನಮ್ಮೂರ ಗಾಳಿ.”

“ಗಾಳಿಗೂ ದುಡ್ಡಾ! ಹಾಳಾಗೋಗ್ಲಿ, ಸಂಡಿಗೆ ಬೇಡ.”

ಗಾಣದ ಎಣ್ಣೆಯನ್ನೂ ಮಾರುವ ಆಸೆಯಿತ್ತು, ಅದರ ಕಥೆ ಇನ್ನೂ ಜಿಡ್ಡಿನದು. ಬಿರಡೆಗೆ ಟೇಪು ಸುತ್ತಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ಸುತ್ತ ತೆಂಗಿನ ನಾರು ತುರುಕಿ ಕಳಿಸಿದ ಬಾಟಲಿ ಅರ್ಧ ಖಾಲಿಯಾಗಿ ಮುಟ್ಟಿತ್ತು. ಉಳಿದರ್ಧವನ್ನು ಜೊತೆಯಲ್ಲಿದ್ದ ಯಾರದೋ ಮದುವೆ ಕರೆಯೋಲೆಗಳು ಕುಡಿದಿದ್ದವು. ಯಾವ ಕೊರಿಯರು ಅಂತ ಕೇಳಬೇಡಿ. ಕೊಬ್ಬರಿ ಗಿಟುಕಾದರೂ ಅಮೆರಿಕದಲ್ಲಿರುವ ಅಕ್ಕನ ಮೊಮ್ಮಗಳ ಗೆಳತಿಯರಿಗೆ ಕಳಿಸೋಣ ಅಂದರೆ ಅದಕ್ಕೂ ತಡೆ. ವಿಮಾನದ ನಿಯಮದ ಪ್ರಕಾರ ಒಣ ಕೊಬ್ಬರಿ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ಸರಕು, ವಿಶ್ವಸಂಸ್ಥೆಯ ಅಪಾಯಕಾರಿ ಪಟ್ಟಿಯಲ್ಲಿ ಅದಕ್ಕೆ 1363 ಅಂತ ನಂಬರೇ ಇದೆ. ಹತ್ತು ಹನ್ನೊಂದು ತಿಂಗಳು ನಮ್ಮ ತಲೆಯ ಮೇಲಿನ ಅಟ್ಟದಲ್ಲಿ ತಣ್ಣಗೆ ಮಲಗಿ, ಅಲ್ಲಾಡಿಸಿದರೆ ಗಿಟಗಿಟ ಅನ್ನುವ ಕಾಯಿಗೆ ಇಷ್ಟು ಕೆಟ್ಟ ಹೆಸರು ಬಂದದ್ದು ನೋಡಿ ಅಕ್ಕನಿಗೆ ನಿಜವಾಗಿ ಬೇಜಾರಾಯಿತು.

ವಿಳಾಸದ್ದೂ ಒಂದು ತಮಾಷೆ. ಪ್ರಯೋಗಕ್ಕೆ ಅಂತ ಬೀಗರೇ ಫೋನಿನಲ್ಲಿ ಮೊದಲ ಆರ್ಡರು ಕೊಟ್ಟಿದ್ದರು. ಅಜ್ಜಂಪುರದ ಪಿನ್‌ಕೋಡು 577547, ಕಡೂರಿನದು 577548. ಕನ್ನಡಕ ಹಾಕದೆ ಒತ್ತಿದ ಒಂದೇ ಅಂಕಿಯಿಂದ ಪೊಟ್ಟಣ ಕಡೂರಿನ ಅಂಚೆ ಕಚೇರಿಯಲ್ಲೇ ಕೂತಿತು. ಪೋಸ್ಟ್‌ಮ್ಯಾನ್ ಅಕ್ಷರ ಗುರುತು ಹಿಡಿದು ಅಕ್ಕನಿಗೇ ತಂದುಕೊಟ್ಟ. ಅಷ್ಟರಲ್ಲಿ ಬೀಗರು ತಾವೇ ಬಸ್ಸು ಹತ್ತಿ ಬಂದಿದ್ದರು, ಇಲ್ಲೇ ರೊಟ್ಟಿಗೆ ಹಚ್ಚಿಕೊಂಡು ತಿಂದರು.

ಅಂಚೆಯಲ್ಲಿ ಮಾರೋದು ನಮಗೆ ಹೊಸದಲ್ಲ. ವಿ.ಪಿ.ಪಿ. ನೆನಪಿರುವವರು ಇನ್ನೂ ಇದ್ದಾರೆ. ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟು ಪುಸ್ತಕದ ಕಟ್ಟು ಬಿಡಿಸಿಕೊಳ್ಳುವ ಆ ಏರ್ಪಾಡು ನಮ್ಮ ದೇಶದಲ್ಲಿ 1877ರಿಂದಲೇ ಇತ್ತು. ಈಗಿನವರು ಅದನ್ನು ಕ್ಯಾಶ್ ಆನ್ ಡೆಲಿವರಿ ಅಂತಾರೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿದ್ದೂ ಈ ನಾಡಿನಲ್ಲೇ. ಅವರಿಗೆ ಸಾಗಣೆ ಖರ್ಚಿನ ಪ್ರಶ್ನೆಯೇ ಇರಲಿಲ್ಲ. ಪಾಪ, ಕತ್ತಿಗೆ ಮಾತ್ರ ಗೊತ್ತು.

ತೆರಿಗೆ ವಿಷಯ ಎತ್ತಿದ್ದು ಭಾವ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದದ್ದು, ಹಾವೇರಿಯ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸು ಹೋದದ್ದು, ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಅಂತ ಚೀಟಿ ಅಂಟಿದ್ದು, ಕೊನೆಗೆ ಮುಖ್ಯಮಂತ್ರಿ ಸಭೆ ಕರೆದು ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಅಂದದ್ದು, ಎಲ್ಲ ಅವರಿಗೆ ಬಾಯಿಪಾಠ. ಅಕ್ಕ ಹೆದರಿದರು. ಹೆದರುವಂಥದ್ದೇನಿಲ್ಲ, ತಿಳಿದಿರಬೇಕು ಅಷ್ಟೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ತೆರಿಗೆ ಬೀಳುವ ಸರಕನ್ನು ರಾಜ್ಯದಾಚೆಗೆ ಮಾರಲು ಹೊರಟರೆ ಆ ಮಿತಿ ಲೆಕ್ಕಕ್ಕಿಲ್ಲ. ವೆಬ್‌ಸೈಟಿಗೇನು, ಹೈದರಾಬಾದಿನವರೂ ಗುಂಡಿ ಒತ್ತುತ್ತಾರೆ. ಮಗ ಆ ಒಂದು ಗಂಟೆಯಲ್ಲಿ ಇದನ್ನು ಯೋಚಿಸಿದ್ದನೋ ಇಲ್ಲವೋ. ತಿನ್ನುವ ಪದಾರ್ಥ ಅಂದ ಮೇಲೆ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಪೊಟ್ಟಣದ ಮೇಲೆ ಅದರ ಹದಿನಾಲ್ಕಂಕಿ, ತೂಕ, ಬೆಲೆ, ತಯಾರಾದ ದಿನ, ಮನೆ ವಿಳಾಸ ಅಚ್ಚಾಗಿರಬೇಕು.

ಇಷ್ಟಾದ ಮೇಲೂ ಬುಟ್ಟಿ ಹಾಕಿದರು ಅನ್ನೋಣ. ಡೆನ್ಮಾರ್ಕಿನ ಬೇಮಾರ್ಡ್ ಅನ್ನುವ ಸಂಸ್ಥೆ ಬುಟ್ಟಿ ತುಂಬಿದವರಲ್ಲಿ ಎಷ್ಟು ಜನ ಕೊಳ್ಳುತ್ತಾರೆ ಅನ್ನೋದನ್ನೇ ವರ್ಷಗಟ್ಟಲೆ ಎಣಿಸುತ್ತ ಕೂತಿದೆ. ಅವರ ಲೆಕ್ಕದಲ್ಲಿ ತುಂಬಿದ ಬುಟ್ಟಿಗಳಲ್ಲಿ ನೂರಕ್ಕೆ ಎಪ್ಪತ್ತನ್ನು ಜನ ಕೊಳ್ಳದೆ ಹಾಗೇ ಬಿಟ್ಟು ಹೋಗುತ್ತಾರೆ. ಎಷ್ಟೋ ಮಂದಿ ಸುಮ್ಮನೆ ನೋಡಲು ಬಂದವರು, ಅವರ ಮಾತು ಬೇಡ. ಕೊಳ್ಳಲೆಂದೇ ಬಂದು ಎದ್ದು ಹೋಗುವವರು ಕೊಡುವ ದೊಡ್ಡ ಕಾರಣ, ಕೊನೆಯ ಪುಟದಲ್ಲಿ ಸೇರಿಕೊಳ್ಳುವ ಸಾಗಣೆ, ತೆರಿಗೆ ಇತ್ಯಾದಿ ಖರ್ಚು. 150 ರೂಪಾಯಿಯ ಪುಡಿಗೆ ದುಡ್ಡು ಕಟ್ಟುವ ಹೊತ್ತಿಗೆ ಇನ್ನೊಂದು 80 ಸೇರಿದರೆ ನಾನಾದರೂ ಎದ್ದೇ ಹೋಗುತ್ತೇನೆ.

ಹಾಗಾಗಿ ನಾನು ಅಕ್ಕನಿಗೆ ಹೇಳಿದ್ದು: ಮೂರು ಸಾಮಾನು ಮಾರುವವರಿಗೆ ಬುಟ್ಟಿ ಬೇಡ. ವೆಬ್‌ಸೈಟಿನಲ್ಲಿ ಒಂದು ಪಟ್ಟಿ ಇರಲಿ, ‘ಅಂಚೆ ಖರ್ಚು ಸೇರಿ ಇಷ್ಟು’ ಅಂತ ಒಂದೇ ಬೆಲೆ, ಕೆಳಗೊಂದು ಕ್ಯೂಆರ್ ಕೋಡು, ವಾಟ್ಸಾಪ್ ನಂಬರು. ವಾಟ್ಸಾಪ್ ಬಿಸಿನೆಸ್ಸಿನಲ್ಲಿ 2019ರಿಂದ ಸಾಮಾನಿನ ಪಟ್ಟಿ, 2020ರ ಡಿಸೆಂಬರಿನಿಂದ ಕಾರ್ಟೂ ಇದೆ, ಬಿಟ್ಟಿ. ಗಿರಾಕಿ ಅದರಲ್ಲಿ ಆರಿಸಿ ಕಳಿಸಿದರೆ ಅಕ್ಕನ ಫೋನಿಗೆ ಒಂದೇ ಸಂದೇಶವಾಗಿ ಬರುತ್ತದೆ. ಪಿನ್‌ಕೋಡು ಸರಿಯಿದೆಯಾ ಅಂತ ಅಕ್ಕ ತಿರುಗಿ ಕೇಳಬಹುದು. ಬೆಳ್ಳುಳ್ಳಿ ಬೇಡ ಅನ್ನುವವರು ಅದನ್ನೂ ಅಲ್ಲೇ ಹೇಳಬಹುದು. ಅಂಥದ್ದಕ್ಕೆಲ್ಲ ಆ ಸಿಂಪಲ್ ಕಾರ್ಟಿನಲ್ಲಿ ಜಾಗ ಮಾಡೋಕೆ ಮಗ ಇನ್ನೆಷ್ಟು ಹಬ್ಬಕ್ಕೆ ಬರಬೇಕೋ.

“ಮಗನಿಗೆ ಬೇಜಾರಾಗಲ್ವಾ?”

“ಸಾಮಾನು ಹತ್ತಾದಾಗ ಹಾಕು ಅನ್ನಿ.”

ಪಟ್ಟಿ ಈಗ ತಯಾರಾಗಿದೆ. ಕೊಬ್ಬರಿ ಚಟ್ನಿಪುಡಿ, ಶೇಂಗಾ ಚಟ್ನಿಪುಡಿ, ಸಾರಿನ ಪುಡಿ. ಮೂರೂ ಕಾಲು ಕಿಲೋ ಪೊಟ್ಟಣ, ಸದ್ಯಕ್ಕೆ ಕರ್ನಾಟಕದೊಳಗೆ ಮಾತ್ರ. ಎಣ್ಣೆ, ಸಂಡಿಗೆ ಎಷ್ಟು ಗೋಗರೆದರೂ ಕಳಿಸುವುದಿಲ್ಲ. ಬೇಕಾದವರು ಕಡೂರಿಗೇ ಬಂದು ಒಯ್ಯಬೇಕು, ಬಾಟಲಿ ಅವರದೇ ತರಬೇಕು.