ಒಂದೇ ಮೆಟ್ಟಿನ ಸನಿಕೆ

ದೇವರು ಮನುಷ್ಯನಿಗೆ ಎರಡು ಕಾಲು ಕೊಟ್ಟರೂ ಐರ್ಲೆಂಡಿನ ಹಳೆಯ ಸನಿಕೆ ಒಂದಕ್ಕೆ ಮಾತ್ರ ಜಾಗ ಕೊಟ್ಟಿತ್ತು. ‘ಲಾಯ್’ ಅಂತ ಅದರ ಹೆಸರು. ಉದ್ದನೆಯ ಮರದ ಕಾವು, ತುದಿಯಲ್ಲಿ ಕಿರಿದಾದ ಕಬ್ಬಿಣದ ಅಲಗು, ಪಾದ ಊರಿ ಒತ್ತಲು ಒಂದೇ ಪಕ್ಕಕ್ಕೆ ಒಂದು ಮೆಟ್ಟು. ನೇಗಿಲು ಏರದ ಕಲ್ಲುಗುಡ್ಡ, ಕುದುರೆ ಸಾಕಲಾಗದ ಬಡತನ, ಅಂಗೈಯಗಲದ ಹೊಲ ಇರುವಲ್ಲೆಲ್ಲ ಲಾಯೇ ಗತಿ. ಅದರಲ್ಲೂ ಊರಿಗೊಂದು ಅಳತೆ, ಸೀಮೆಗೊಂದು ಬಾಗು!

ಉತ್ತರದ ಅಲ್ಸ್ಟರ್ ಸೀಮೆಯಲ್ಲಂತೂ ಸನಿಕೆ ಮೆಟ್ಟುವ ಕಾಲೇ ಧರ್ಮದ ಗುರುತು. ಹೊಸಬ ಕ್ಯಾಥಲಿಕ್ಕೋ ಪ್ರೊಟೆಸ್ಟೆಂಟೋ ಎಂದು ನೇರವಾಗಿ ಕೇಳುವುದು ಮರ್ಯಾದೆಯಲ್ಲವಲ್ಲ. ಅದಕ್ಕೇ ಅವನು ಯಾವ ಕಾಲಲ್ಲಿ ಅಗೆಯುತ್ತಾನೆ ಅನ್ನುತ್ತಿದ್ದರು. ನಮ್ಮಲ್ಲಿ ‘ನಿಮ್ಮ ಮನೆದೇವರು ಯಾವುದು?’ ಎಂದು ಕೇಳಿ ಜಾತಿ ತಿಳಿದುಕೊಳ್ಳುವವರಿಗೆ ಈ ಜಾಣತನ ಹೊಸದೇನಲ್ಲ.

ಆಲೂಗಡ್ಡೆ ಹಾಕುವ ಕ್ರಮ ನೋಡಿ. ಹುಲ್ಲುನೆಲವನ್ನು ಉಳುವುದೇ ಇಲ್ಲ. ಹುಲ್ಲಿನ ಮೇಲೇ ಉದ್ದಕ್ಕೆ ಗೊಬ್ಬರ ಹರಡುತ್ತಾರೆ. ಕಡಲತಡಿಯಾದರೆ ಸಮುದ್ರದ ಪಾಚಿ. ಅದರ ಮೇಲೆ ಕಣ್ಣಿರುವ ಗೆಡ್ಡೆಯ ಹೋಳು. ಆಮೇಲೆ ಎರಡೂ ಪಕ್ಕದಿಂದ ಹುಲ್ಲುಹೆಂಟೆಯನ್ನು ಲಾಯಿಂದ ಎಬ್ಬಿಸಿ, ದೋಸೆ ಮಗುಚಿದ ಹಾಗೆ ಅದರ ಮೇಲೆ ಮಗುಚುವುದು. ಅಡಿಯಲ್ಲಿ ಸಿಕ್ಕ ಹುಲ್ಲು ಕೊಳೆತು ಗೊಬ್ಬರವಾಯಿತು, ಹೆಂಟೆ ತೆಗೆದ ಜಾಗ ಮಳೆನೀರು ಹರಿಯುವ ಕಾಲುವೆಯಾಯಿತು. ಸದಾ ಜಿನುಗುವ ಆ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಯಾವ ಕೃಷಿ ಪಂಡಿತನಿಗೂ ಹೊಳೆಯುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಅರಾನ್ ದ್ವೀಪದವರು ಇನ್ನೂ ಗಟ್ಟಿಗರು: ಬರೀ ಬಂಡೆಯ ಮೇಲೆ ಮರಳು, ಪಾಚಿ ಹೊತ್ತು ಹಾಕಿ ಹೊಲವನ್ನೇ ಮಾಡಿಕೊಂಡರು.

ಆದರೆ ಬಡವರ ಹೊಟ್ಟೆಯೆಲ್ಲ ‘ಲಂಪರ್’ ಎಂಬ ಒಂದೇ ತಳಿಗೆ ಜೋತುಬಿದ್ದಿತ್ತು. 1845ರಲ್ಲಿ ಅಂಗಮಾರಿ ಬಂತು, ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಇವತ್ತಿಗೂ ಕಾಡುವ ಅದೇ ರೋಗ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಲಾಯ್ ಏನು ಮಾಡೀತು?

ಅದು ನಾಟಕಕ್ಕೂ ಬಂತು. ಜೆ. ಎಂ. ಸಿಂಜ್‌ನ ‘ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್’ನ ನಾಯಕ, ಆಲೂಗಡ್ಡೆ ಹೊಲದಲ್ಲಿ ಲಾಯ್ ಎತ್ತಿ ಅಪ್ಪನ ತಲೆಗೇ ಬಾರಿಸಿ ಬಂದವನು, ಅಷ್ಟಕ್ಕೇ ಊರ ಹುಡುಗಿಯರ ಕಣ್ಣಲ್ಲಿ ವೀರನಾದ. 1907ರಲ್ಲಿ ಡಬ್ಲಿನ್‌ನ ಆಬಿ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಅಪ್ಪನ ತಲೆ ಒಡೆದ ಕಥೆಯನ್ನು ಎರಡು ಅಂಕ ಕೂತು ಕೇಳಿದ ಪ್ರೇಕ್ಷಕರು, ಮೂರನೆಯದರಲ್ಲಿ ಹೆಂಗಸರ ಒಳಂಗಿಯ ಮಾತು ಬಂದದ್ದೇ ತಡ, ಗದ್ದಲ ಎಬ್ಬಿಸಿದರು.