ಲಂಡನ್ ಡಾಕ್ಟರ್: ಬಳಕೆದಾರರ ಕೈಪಿಡಿ

ನಮ್ಮ ‘ಲಂಡನ್ ಡಾಕ್ಟರ್’ ಮಾದರಿಯ ಭಾವೀ ಪತಿಯನ್ನು ಆರಿಸಿಕೊಂಡಿದ್ದಕ್ಕೆ ವಂದನೆಗಳು. ನಾನೆಲ್ಲಿ ಆರಿಸಿದೆ, ಮ್ಯಾಟ್ರಿಮನಿ ಸೈಟಿನಲ್ಲಿ ಅವರೇ ಹುಡುಕಿಕೊಂಡು ಬಂದರಲ್ಲ ಎನ್ನುತ್ತೀರಾ? ಈ ಸರಕು ಬರುವುದೇ ಹಾಗೆ.

ಪೆಟ್ಟಿಗೆ ಬಿಚ್ಚಿದರೆ ಸಿಗುವುದು ಒಂದು ಫೋಟೋ (ಬೇರೆ ಯಾರದೋ, ಪಾಪ, ಅವರಿಗೂ ಗೊತ್ತಿಲ್ಲ), ತೀರಿಹೋದ ಹೆಂಡತಿ, ಬೋರ್ಡಿಂಗ್ ಶಾಲೆಯಲ್ಲಿರುವ ಮಗಳು ಮತ್ತು ಬೆಳಗಾದರೆ ತಪ್ಪದ ‘ಗುಡ್ ಮಾರ್ನಿಂಗ್ ಡಿಯರ್’. ಡಾಕ್ಟರು ಬೇಡವೆಂದರೆ ಸಮುದ್ರದ ನಡುವೆ ತೈಲಬಾವಿಯಲ್ಲಿರುವ ಎಂಜಿನಿಯರು, ಸೈನ್ಯದ ಅಧಿಕಾರಿ ಕೂಡ ಸ್ಟಾಕಿನಲ್ಲಿದ್ದಾರೆ. ಎಲ್ಲರಿಗೂ ಕೈತುಂಬ ಸಂಬಳ, ಯಾರಿಗೂ ರಜೆ ಇಲ್ಲ. ಗಂಡಸರಿಗಾಗಿ ಬೇರೊಂದು ಮಾದರಿ ಇದೆ. ಅದು ರಾತ್ರಿ ತಾನಾಗಿಯೇ ವಿಡಿಯೋ ಕಾಲ್ ಮಾಡಿ ರೆಕಾರ್ಡ್ ಮಾಡಿಕೊಳ್ಳುತ್ತದೆ. ಅದರಲ್ಲಿ ಪ್ರೀತಿಯ ಅಧ್ಯಾಯವೇ ಇಲ್ಲ, ನೇರ ವಸೂಲಿ.

ಫೋಟೋವನ್ನು ಗೂಗಲ್ ಲೆನ್ಸಿಗೆ ತೋರಿಸಬೇಡಿ. ಬ್ರೆಜಿಲ್ಲಿನ ಯಾವುದೋ ಹಲ್ಲಿನ ಡಾಕ್ಟರು ಎದ್ದುಬಂದರೆ ಯಂತ್ರ ಕೆಡುತ್ತದೆ. ಬ್ರಿಟನ್ನಿನಲ್ಲಿ ವೈದ್ಯವೃತ್ತಿ ಮಾಡುವವರ ಹೆಸರು ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ಲಿನ ರಿಜಿಸ್ಟರಿನಲ್ಲಿ ಇರಲೇಬೇಕು. ಅದನ್ನು ಮನೆಯಲ್ಲಿ ಕೂತೇ, ಕಾಸಿಲ್ಲದೆ, ಯಾರು ಬೇಕಾದರೂ ಹುಡುಕಬಹುದು. ನೀವು ಹುಡುಕಕೂಡದು.

ಎಲ್ಲಕ್ಕಿಂತ ಮುಖ್ಯ, ಮನೆಯವರ ಗಾಳಿ ತಾಗದ ಜಾಗದಲ್ಲಿ ಇಡಿ. ‘ನಾನು ಬರುವ ತನಕ ಇದು ನಮ್ಮಿಬ್ಬರಲ್ಲೇ ಇರಲಿ’ ಎಂದು ಡಾಕ್ಟರು ಎರಡನೇ ವಾರದಲ್ಲೇ ಹೇಳುವುದು ನಾಚಿಕೆಯಿಂದಲ್ಲ. ಗಂಡು ನೋಡುವುದೆಂದರೆ ನಮ್ಮಲ್ಲಿ ಗೋತ್ರ, ಅಜ್ಜನ ಮನೆ, ಆಫೀಸು ಎಲ್ಲ ಜಾಲಾಡಿ, ಕೊನೆಗೆ ಬೀದಿ ಕೊನೆಯ ಅಂಗಡಿಯವನ ಹತ್ತಿರ ‘ಹುಡುಗ ಕುಡೀತಾನಾ?’ ಎಂದು ಕೇಳಿಯೇ ಕಾಫಿ ಕುಡಿಯುವುದು. ಡಾಕ್ಟರ ಹಿಂದಿರುವ ಇಡೀ ಜಾಲ ಹೆದರುವುದು ಸೈಬರ್ ಪೊಲೀಸರಿಗಲ್ಲ, ಹೀಗೆ ಜಾಲಾಡುವ ಒಬ್ಬ ಚಿಕ್ಕಮ್ಮನಿಗೆ. ‘ಯಾವ ಆಸ್ಪತ್ರೆ ಅಂದೆ? ನಮ್ಮ ಶಾರದಕ್ಕನ ಮಗ ಲಂಡನ್ನಲ್ಲೇ ಇದಾನಲ್ಲೇ, ಭಾನುವಾರ ಹೋಗಿ ಮಾತಾಡಿಸ್ಕೊಂಡು ಬರ್ತಾನೆ ಬಿಡು.’ ಡಾಕ್ಟರಿಗೆ ಆ ಭಾನುವಾರವೇ ತುರ್ತು ಆಪರೇಷನ್ ಬೀಳುತ್ತದೆ.

ಇನ್ನು ಇಂಧನ. ಡಾಕ್ಟರು ಉಡುಗೊರೆ ಕಳಿಸುತ್ತಾರೆ: ಐಫೋನು, ಚಿನ್ನ, ಪೌಂಡಿನ ಕಂತೆ. ಎರಡು ದಿನಕ್ಕೆ ದಿಲ್ಲಿ ವಿಮಾನ ನಿಲ್ದಾಣದ ‘ಕಸ್ಟಮ್ಸ್ ಮೇಡಂ’ ಹಿಂದಿಯಲ್ಲಿ ಫೋನು ಮಾಡುತ್ತಾರೆ. ಮೊದಲು ಸುಂಕ, ಆಮೇಲೆ ದಂಡ, ಆಮೇಲೆ ಹಣ ಅಕ್ರಮವಲ್ಲ ಎಂಬ ಸರ್ಟಿಫಿಕೇಟಿಗೆ ಫೀಸು. ಪ್ರತಿ ಕಂತೂ ಹಿಂದಿನದಕ್ಕಿಂತ ದೊಡ್ಡದು. ಇಷ್ಟು ಕೊಟ್ಟಾಗಿದೆ, ಈಗ ಬಿಟ್ಟರೆ ಎಲ್ಲ ಹೋಯಿತು ಎಂದು ನಿಮಗೆ ಅನ್ನಿಸುವಂತೆ ಅಳತೆ ಮಾಡಿಯೇ ಕೇಳುತ್ತಾರೆ. ಸರ್ಕಾರದ ಸುಂಕ ಯಾವನೋ ಒಬ್ಬನ ಉಳಿತಾಯ ಖಾತೆಗೆ ಯಾಕೆ ಹೋಗಬೇಕು ಎಂದು ಯೋಚಿಸಿದಿರೋ, ಕೆಟ್ಟಿರಿ. 2019ರ ನವೆಂಬರಿನಿಂದ ಕಸ್ಟಮ್ಸ್ ಇಲಾಖೆ ತನ್ನ ಪತ್ರಗಳಿಗೆ ‘ಡಿನ್’ ಎಂಬ ಗುರುತಿನ ಸಂಖ್ಯೆ ಹಾಕುವ ಪದ್ಧತಿ ತಂದಿದೆ, ಅದು ಅಸಲಿಯೋ ಅಲ್ಲವೋ ಕಸ್ಟಮ್ಸ್ ಮಂಡಳಿಯ (ಸಿಬಿಐಸಿ) ವೆಬ್‌ಸೈಟಿನಲ್ಲಿ ತಿಳಿಯುತ್ತದೆ. ಮೇಡಂ ಹತ್ತಿರ ಅದನ್ನೆಲ್ಲ ಕೇಳಿ ಬೇಸರ ಮಾಡಬೇಡಿ.

ಯಂತ್ರ ಕೆಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬಾರದು, ಅದರಲ್ಲೂ ಹಣ ಕಳಿಸಿದ ಮೊದಲ ಒಂದೆರಡು ಗಂಟೆಯಲ್ಲಿ. ಅಷ್ಟು ಬೇಗ ತಿಳಿಸಿದರೆ ಬ್ಯಾಂಕು ದುಡ್ಡನ್ನು ದಾರಿಯಲ್ಲೇ ತಡೆಹಿಡಿಯುವ ಸಂಭವವಿದೆ. ನಾಲ್ಕು ಜನ ಏನಂದಾರು ಎಂದುಕೊಳ್ಳುತ್ತ ಒಂದು ವಾರ ಬಾಗಿಲು ಹಾಕಿಕೊಂಡು ಅತ್ತುಬಿಡಿ. ಅಷ್ಟರಲ್ಲಿ ನಿಮ್ಮ ದುಡ್ಡು ನಾಲ್ಕಾರು ಬಾಡಿಗೆ ಖಾತೆಗಳನ್ನು ದಾಟಿ ಯಾವುದೋ ಊರಿನ ಎಟಿಎಮ್ಮಿನಿಂದ ಹೊರಬಿದ್ದಿರುತ್ತದೆ.

ಮಾರಾಟದ ನಂತರದ ಸೇವೆಯೂ ಉಂಟು. ಕೆಲವು ತಿಂಗಳು ಕಳೆದ ಮೇಲೆ ‘ಸೈಬರ್ ವಕೀಲರು’ ಒಬ್ಬರು ತಾವಾಗಿಯೇ ಕರೆ ಮಾಡಿ, ಹೋದ ಹಣವನ್ನೆಲ್ಲ ವಾಪಸು ಕೊಡಿಸುತ್ತೇನೆ, ಫೈಲಿಂಗ್ ಫೀಸು ಮಾತ್ರ ಮುಂಗಡ ಎನ್ನುತ್ತಾರೆ. ನಿಮ್ಮ ಹೆಸರು, ಕಳೆದುಕೊಂಡ ಮೊತ್ತ, ಯಾವ ಬ್ಯಾಂಕು ಎಲ್ಲ ಅವರಿಗೆ ಬಾಯಿಪಾಠ. ನೀವು ಯಾರಿಗೂ ಹೇಳಿರದ ಮೊತ್ತ ಅವರಿಗೆ ಹೇಗೆ ಗೊತ್ತು ಎಂದು ಮಾತ್ರ ಕೇಳಬೇಡಿ, ಲೈನು ಕಟ್ಟಾಗುತ್ತದೆ.