ಇನ್ನೊಂದೇ ಐಟಂ ಬಾಕಿ

ನಂಜನಗೂಡಿನಲ್ಲಿ ಹಳೇ ಜಾವಾ ಇಟ್ಟುಕೊಂಡವರಲ್ಲಿ ಎರಡು ಪಂಗಡ. ಓಡಿಸುವವರು ಒಂದು, ‘ರೆಡಿ ಮಾಡಿಸ್ತಾ ಇರುವವರು’ ಇನ್ನೊಂದು. ಓಡಿಸುವವರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಬೆಳಿಗ್ಗೆ ಎದ್ದು ಕಿಕ್ ಹೊಡೆಯುತ್ತಾರೆ, ಹೊಗೆ ಬಿಡುತ್ತಾರೆ, ಹೋಗುತ್ತಾರೆ. ಎರಡನೇ ಪಂಗಡದವರನ್ನು ಮಾತ್ರ ಪುರುಸೊತ್ತಾಗಿ ಕೂತು ನೋಡಬೇಕು. ಇವರ ಗಾಡಿ ಯಾವ ವರ್ಷ ವಿಚಾರಿಸಿದರೂ ಮುಗಿಯುವ ಹಂತದಲ್ಲೇ ಇರುತ್ತದೆ. ನಾವು ನಮಸ್ಕಾರ ಅಂದರೆ ಅವರು “ಎಲ್ಲಾ ಆಯ್ತು, ಇನ್ನೊಂದೇ ಐಟಂ ಬಾಕಿ” ಅನ್ನುತ್ತಾರೆ. ಆಮೇಲೆ, ಕೇಳದಿದ್ದರೂ, “ಇಲ್ಲೀವರ್ಗೂ ಎಷ್ಟಾಗಿರಬಹುದು ಹೇಳಿ ನೋಡೋಣ?” ಎಂದು ಒಂದು ಪ್ರಶ್ನೆ. ನಾವು ಎಷ್ಟು ಹೇಳಿದರೂ ಅವರದು ಅದಕ್ಕಿಂತ ಕಡಿಮೆ.

ನಮ್ಮ ಬೀದಿಯಲ್ಲಿ ಈ ಪಂಗಡದ ಹಿರಿಯರು ಜಾವಾ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅವರ ಅಸಲಿ ಹೆಸರು ಪೋಸ್ಟ್‌ಮ್ಯಾನಿಗೂ ಪಿಂಚಣಿ ಕಚೇರಿಗೂ ಬಿಟ್ಟರೆ ಯಾರಿಗೂ ನೆನಪಿಲ್ಲ. ನೀವು ಟಿ. ನರಸೀಪುರದವರಾದರೆ ನಿಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ. ಹೆಸರು ಬೇರೆ ಇರಬಹುದು, ಬನಿಯನ್ ಮೇಲಿನ ಗ್ರೀಸು ಅದೇ.

ಮೇಷ್ಟ್ರಿಗೆ ಗಾಡಿ ಸಿಕ್ಕಿದ್ದು ನರಸೀಪುರದಲ್ಲಿ, ಮಾವನ ಮನೆಯ ಕೊಟ್ಟಿಗೆಯಲ್ಲಿ. ಮಾವ ರೇಷ್ಮೆಗೂಡಿನ ವ್ಯಾಪಾರಸ್ಥರು. 1968ರ ಜಾವಾ 250ರ ಹಿಂದೆ ಗೂಡಿನ ಮೂಟೆ ಕಟ್ಟಿಕೊಂಡು ಸುತ್ತಲ ಊರುಗಳನ್ನೆಲ್ಲ ತಿರುಗಿದವರು. ಅವರು ತೀರಿಕೊಂಡ ಮೇಲೆ ಗಾಡಿಯ ಮೇಲೆ ಮೊದಲು ಗೋಣಿಚೀಲ ಬಿತ್ತು, ಆಮೇಲೆ ಮುರಿದ ಮಂಚ ಬಿತ್ತು, ಆಮೇಲೆ ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತು. ಮೇಷ್ಟ್ರು ಒಂದು ವರ್ಷ ತಿಥಿಗೆ ಹೋದವರು, ಊಟವಾದ ಮೇಲೆ ಕೊಟ್ಟಿಗೆಗೆ ನುಗ್ಗಿ, ಕೋಳಿಯನ್ನೆಬ್ಬಿಸಿ, ಟ್ಯಾಂಕಿನ ಮೇಲೆ ಕೈಯಾಡಿಸಿ ಬಂದು, ಏನೂ ಆಸೆಯಿಲ್ಲದವರ ದನಿಯಲ್ಲಿ ಬಾಮೈದಂದಿರನ್ನು ಕೇಳಿದರು: “ಆ ಗುಜರಿ ಏನ್ಮಾಡ್ತೀರಪ್ಪಾ?” ಈ ಪಂಗಡದವರು ಗಾಡಿಯನ್ನು ಗುಜರಿ ಎನ್ನುವುದು ಜೀವಮಾನದಲ್ಲಿ ಒಂದೇ ಸಲ, ಕೈಗೆ ಬರುವ ಮುಂಚೆ.

“ತಗಂಡೋಗಿ ಭಾವ, ಜಾಗನಾದ್ರೂ ಖಾಲಿಯಾಯ್ತದೆ” ಅಂದರು ಬಾಮೈದಂದಿರು. ಅವರ ಮನಸ್ಸು ಬದಲಾದೀತೆಂದು ಮೇಷ್ಟ್ರು ಕಾಫಿಗೂ ನಿಲ್ಲದೆ, ಲಗೇಜ್ ಆಟೋ ಮಾಡಿಸಿಕೊಂಡು ಸುತ್ತೂರು ದಾರಿಯಲ್ಲಿ ನಂಜನಗೂಡಿಗೆ ಗಾಡಿ ತಂದರು. ಹಿಂದೆ ಕೂತು ಹ್ಯಾಂಡಲ್ ಹಿಡಿದುಕೊಂಡಿದ್ದವರೂ ಅವರೇ. ಮನೆಯವರು ಬಸ್ಸಿನಲ್ಲಿ ಬಂದರು.

ಮಾರನೇ ದಿನ ಇನ್ನೂರು ಪುಟದ ನೋಟ್‌ಬುಕ್ ಬಂತು. ಮೊದಲ ಪುಟದಲ್ಲಿ ಕುಂಕುಮವಿಟ್ಟು ‘ಒಟ್ಟು ಬಜೆಟ್ಟು: ರೂ. 15,000’ ಎಂದು ಬರೆದು ಎರಡು ಗೆರೆ ಎಳೆದರು. ಗಣಿತದ ಮೇಷ್ಟ್ರಾದ್ದರಿಂದ ಪುಟಕ್ಕೆರಡು ಕಾಲಂ: ಎಡಕ್ಕೆ ‘ಗಾಡಿ ಖರ್ಚು’, ಬಲಕ್ಕೆ ‘ಇತರೆ’. ಅವರ ವಿದ್ಯೆಯೆಲ್ಲ ಇರುವುದು ಈ ಬಲಗಡೆ ಕಾಲಮ್ಮಿನಲ್ಲಿ. ಲಗೇಜ್ ಆಟೋ ಬಾಡಿಗೆ ಇತರೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಅರವತ್ತು ರೂಪಾಯಿಯ ಫುಟ್‌ರೆಸ್ಟ್ ರಬ್ಬರ್ ತಂದರೆ ಗಾಡಿಗೆ ಅರವತ್ತೇ. ಬಸ್ ಚಾರ್ಜು, ಹೋಟೆಲಿನ ಊಟ, ಅಲ್ಲಿಂದ ಇಲ್ಲಿಗೆ ಆಟೋ ಎಲ್ಲಾ ಇತರೆ, ಯಾಕೆಂದರೆ ಬೆಂಗಳೂರಿಗೆ ಹೋದದ್ದು ಮಗಳನ್ನು ನೋಡಿಕೊಂಡು ಬರಲು. ಆವತ್ತು ಮಗಳು ಆಫೀಸಿನಲ್ಲಿದ್ದಳು ಎನ್ನುವುದು ಬೇರೆ ಮಾತು. ಮೆಕ್ಯಾನಿಕ್ಕಿನ ಮಗಳ ಮದುವೆಗೆ ಹಾಕಿದ ಮುಯ್ಯಿ ಇತರೆ. ಹೀಗೆ ಲೆಕ್ಕ ಬರೆದರೆ ಬಜೆಟ್ಟು ಯಾವ ಕಾಲಕ್ಕೂ ಮೀರುವುದಿಲ್ಲ. ಸರ್ಕಾರದಲ್ಲಿ ಇಂಥ ಕೆಲಸಕ್ಕೆ ದೊಡ್ಡ ದೊಡ್ಡ ಪದವೀಧರರನ್ನು ಇಟ್ಟುಕೊಂಡಿದ್ದಾರೆ ಎಂದು ಕೇಳಿದ್ದೇನೆ.

ನಮ್ಮ ಕಡೆ ಈ ಹುಚ್ಚು ಹೆಚ್ಚಾಗಿರುವುದಕ್ಕೆ ಕಾರಣವೂ ಉಂಟು. ಈ ಗಾಡಿ ನಮ್ಮ ನೆಂಟರ ಪೈಕಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯ ಉದ್ಘಾಟನೆ ಮಾಡಿದವರು ಜಯಚಾಮರಾಜೇಂದ್ರ ಒಡೆಯರು. ಚೆಕೊಸ್ಲೊವಾಕಿಯಾದ ನಕ್ಷೆ, ಪಾರ್ಸಿ ಇರಾನಿ ಮನೆತನದವರ ಯಜಮಾನಿಕೆ, ನಮ್ಮವರ ಕೈಕೆಲಸ. 1961ರಿಂದ ಗಾಡಿ ಹೊರಬಂತು. 1973ರಲ್ಲಿ ಹೆಸರು ಯಜ್ದಿ ಅಂತಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆದರೆ ಅಲ್ಲಿ ಕೆಲಸ ಮಾಡಿದ ಚಿಕ್ಕಪ್ಪನೋ ದೊಡ್ಡಪ್ಪನೋ ಇಲ್ಲದ ಮನೆ ಈ ಸೀಮೆಯಲ್ಲಿ ಹುಡುಕಬೇಕು. ಮೇಷ್ಟ್ರು ಇಂಥವರನ್ನು ಒಬ್ಬೊಬ್ಬರನ್ನಾಗಿ ಪತ್ತೆ ಹಚ್ಚಿ, ರಸಬಾಳೆ ಹಣ್ಣಿನ ಚಿಪ್ಪು ಹಿಡಿದುಕೊಂಡು ಹೋಗಿ ನೋಡಿ ಬಂದರು (ಹಣ್ಣು: ಇತರೆ). ಅಸೆಂಬ್ಲಿಯಲ್ಲಿದ್ದವರು ಟ್ಯಾಂಕಿನ ಮರೂನ್ ಬಣ್ಣ ಗಾಢವಾಗಿತ್ತು ಅಂದರು. ಸ್ಟೋರಿನಲ್ಲಿದ್ದವರು ಇಲ್ಲ, ತೆಳು ಅಂದರು. ಪೇಂಟ್ ಶಾಪಿನಲ್ಲೇ ಇದ್ದ ಹಿರಿಯರು ಕಣ್ಣಿನ ಆಪರೇಷನ್ ಆಗಿ ಹಸಿರು ಪಟ್ಟಿ ಕಟ್ಟಿಕೊಂಡು ಕೂತಿದ್ದರು. “ಪಟ್ಟಿ ಬಿಚ್ಚಿದ ಮೇಲೆ ಬನ್ನಿ, ತೋರಿಸ್ತೀನಿ” ಅಂದರು. ಟ್ಯಾಂಕಿಗೆ ಬಣ್ಣ ಬಳಿಯುವ ಕೆಲಸ ಅಲ್ಲಿಗೆ ನಿಂತಿತು.

ನಿಂತದ್ದು ಬಣ್ಣ ಮಾತ್ರ. ಬಾಕಿ ಕೆಲಸವೆಲ್ಲ ಅಡುಗೆಮನೆಯಲ್ಲಿ ಸಾಗಿತು. ಕಾರ್ಬ್ಯುರೇಟರನ್ನು ನಿಂಬೆರಸದ ನೀರಿನಲ್ಲಿ ಕುದಿಸಿದರೆ ಹೊಸದರಂತೆ ಹೊಳೆಯುತ್ತದೆ ಎಂದು ಯಾರೋ ಹೇಳಿದ್ದರು. ಮೇಷ್ಟ್ರು ಅದನ್ನು ಸಾರಿನ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿಟ್ಟು, ಕೆಳಗೆ ಹತ್ತದಂತೆ ಸೌಟಿನಲ್ಲಿ ತಿರುವಿಕೊಂಡು ನಿಂತರು. ಮನೆಯವರು ದೇವಸ್ಥಾನದಿಂದ ಬಂದವರು ಮುಚ್ಚಳ ತೆಗೆದು ನೋಡಿದರು, ಮುಚ್ಚಿದರು. “ನಮ್ಮಪ್ಪನ ಗಾಡಿ ಅಂತ ಸುಮ್ಮನಿದೀನಿ” ಅಂದರು. ಆವತ್ತು ಮನೆಯಲ್ಲಿ ಮೊಸರನ್ನ.

ಗ್ಯಾಸ್ಕೆಟ್ಟಿಗೆ ಮದುವೆ ಕರೆಯೋಲೆ. ಎಲ್ಲಾ ಕರೆಯೋಲೆಯೂ ಆಗುವುದಿಲ್ಲ. ಯಾರ ಮನೆಯ ಮದುವೆ ಎಂದು ನಾವು ಓದುವಷ್ಟರಲ್ಲಿ ಮೇಷ್ಟ್ರು ಅಂಚನ್ನು ಬೆರಳಲ್ಲಿ ಒತ್ತಿ ದಪ್ಪ ನೋಡಿರುತ್ತಾರೆ. ತೆಳು ಕಾರ್ಡಿನವರ ಮದುವೆಗೆ ಹೋಗುವುದು ಅನುಮಾನ. ಕೇಸಿಂಗ್ ಮೇಲೆ ಕಾರ್ಡು ಇಟ್ಟು ಸಣ್ಣ ಸುತ್ತಿಗೆಯಲ್ಲಿ ಅಂಚಿನುದ್ದಕ್ಕೂ ತಟ್ಟಿದರೆ ಆಕಾರಕ್ಕೆ ಸರಿಯಾಗಿ ಕತ್ತರಿಸಿಕೊಳ್ಳುತ್ತದೆ. ಹೀಗಾಗಿ ಮೇಷ್ಟ್ರ ಕ್ಲಚ್ ಕವರಿನೊಳಗೆ ಇವತ್ತಿಗೂ ‘ಚಿ|| ರಾ|| ಅವರ ವಿವಾಹ ಮಹೋತ್ಸವ’ದ ಅರ್ಧ ಭಾಗ ಆಯಿಲ್ ಕುಡಿದುಕೊಂಡು ಕೂತಿದೆ.

ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇರಬೇಕು. ಅಳೆಯುವ ಫೀಲರ್ ಗೇಜು ಭಾರೀ ಬೆಲೆಯದೇನಲ್ಲ. ಆದರೆ ಮೇಷ್ಟ್ರ ಪ್ರಕಾರ ಶೇವಿಂಗ್ ಬ್ಲೇಡಿನ ದಪ್ಪ 0.1, ನಾಲ್ಕು ಬ್ಲೇಡು ಜೋಡಿಸಿದರೆ 0.4; ಕಾಸು ಯಾಕೆ ದಂಡ? ಲೆಕ್ಕ ನೂರಕ್ಕೆ ನೂರು ಸರಿ. ಬೆರಳಿಗೆ ಸುತ್ತಿದ ಬ್ಯಾಂಡೇಜು ಇತರೆ. ಈ ಗ್ಯಾಪನ್ನು ಕುರಿತು ಅವರು ನರಸೀಪುರದ ಗುಂಜಾ ನರಸಿಂಹಸ್ವಾಮಿಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಕಾಶಿಗಿಂತ ಗುಲಗಂಜಿಯಷ್ಟು ಹೆಚ್ಚು ಎಂದು ಆ ಕ್ಷೇತ್ರಕ್ಕೆ ಹೆಸರು. “ಸ್ವಾಮೀಗೆ ಗುಲಗಂಜಿಯಷ್ಟು ಹೆಚ್ಚಾದ್ರೆ ಪುಣ್ಯ, ಪಾಯಿಂಟಿಗೆ ಹೆಚ್ಚಾದ್ರೆ ಮಿಸ್ಸಿಂಗು” ಎಂದು ಅವರು ಹೇಳುವಾಗ ತರಗತಿಯಲ್ಲಿ ಕೂತ ಹಾಗಾಗಿ ನಾನು ಎದ್ದು ನಿಲ್ಲಲು ಹೋಗಿದ್ದೇನೆ.

ಕ್ರೋಮಿನದು ಬೇರೆ ಕತೆ. ಟ್ಯಾಂಕಿನ ಪಕ್ಕ, ಹೆಡ್‌ಲೈಟ್ ರಿಂಗು, ಹ್ಯಾಂಡಲ್ಲು ಎಲ್ಲವನ್ನೂ ಮೇಷ್ಟ್ರು ಊರಿನ ಹೆಸರಾಂತ ಹಲ್ಲುಪುಡಿ ಹಾಕಿ ಉಜ್ಜಿದರು. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಕಟ್ಟಿದಾಗ ಇಂಥದ್ದೊಂದು ಉಪಯೋಗ ಅವರ ಮನಸ್ಸಿಗೆ ಬಂದಿರಲಾರದು. ಗಾಡಿ ಮಾತ್ರ ಘಮ್ಮೆನ್ನತೊಡಗಿತು. ತೊಂದರೆ ಕೊಟ್ಟಿದ್ದು ಸೈಲೆನ್ಸರ್. ಜಾವಾದ ಶ್ರೀಮಂತಿಕೆ ಏನೆಂದರೆ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಎರಡಕ್ಕೂ ಕಾಸ್ಟಿಕ್ ಸೋಡ ತುಂಬಿಟ್ಟು ಒಳಗಿನ ಮಸಿ ಕರಗಿಸಿದ್ದಾಯಿತು, ಕ್ರೋಮ್ ಮಾಡಿಸಲು ಬಜೆಟ್ಟಿನಲ್ಲಿ ಒಂದಕ್ಕೇ ದುಡ್ಡು. ಮೇಷ್ಟ್ರು ಯೋಚಿಸಿ, ಬೀದಿ ಕಡೆಯದಕ್ಕೆ ಕ್ರೋಮು, ಕಾಂಪೌಂಡ್ ಗೋಡೆ ಕಡೆಯದಕ್ಕೆ ಸಿಲ್ವರ್ ಪೇಂಟು ಮಾಡಿಸಿದರು. ಅಂದಿನಿಂದ ಗಾಡಿ ಸದಾ ಒಂದೇ ಮುಖಕ್ಕೆ ನಿಲ್ಲುತ್ತದೆ. ಗೋಡೆಗೂ ಗಾಡಿಗೂ ನಡುವೆ ಯಾರಾದರೂ ತೂರಲು ಹೋದರೆ ಮೇಷ್ಟ್ರು ಅಲ್ಲಿ ಹಾವಿದೆ ಎನ್ನುತ್ತಾರೆ.

ಮೆಕ್ಯಾನಿಕ್ಕಿಗೆ ಇದೆಲ್ಲ ನೋಡಿ ನೋಡಿ ಸಾಕಾಗಿದೆ. “ಸಾ, ಬೋರ್ ಮಾಡ್ಸಿ, ಓವರ್‌ಸೈಜ್ ಪಿಸ್ಟನ್ ಹಾಕ್ಸಿ, ಕ್ರ್ಯಾಂಕಿಗೆ ಎರಡು ಆಯಿಲ್ ಸೀಲ್ ಹೊಡೀರಿ, ಮುಗೀತು. ಹಲ್ಲುಪುಡಿ ಹಾಕ್ಕಂಡು ಉಜ್ತಾ ಕುಂತ್ರೆ ಗಾಡಿ ಸ್ಟಾರ್ಟಾದದಾ?” ಅಂದ. ಪಿಸ್ಟನ್ ಹಿಡಿದುಕೊಂಡಿತ್ತು. ಮೇಷ್ಟ್ರು ಪ್ಲಗ್ಗಿನ ತೂತಿನಲ್ಲಿ ಡೀಸೆಲ್ ಸುರಿದು ದಿನಾ ಬೆಳಿಗ್ಗೆ ಸಂಧ್ಯಾವಂದನೆಯ ಹೊತ್ತಿಗೆ ಮರದ ತುಂಡಿನಿಂದ ತಟ್ಟುತ್ತಿದ್ದರು. ಅದು ಕೊನೆಗೂ ಬಿಟ್ಟಿತು ಅನ್ನಿ. ಬಿಟ್ಟ ಮೇಲೆ ಲೇತಿನವನ ಹತ್ತಿರ ಹೋಗಿ ಮೆಕ್ಯಾನಿಕ್ ಹೇಳಿದ್ದನ್ನೇ ಮಾಡಿಸಿದರು. ಅದು ಅವರೇ ಕಂಡುಹಿಡಿದ ಉಪಾಯ ಎಂದು ಬೀದಿಯಲ್ಲಿ ಪ್ರಚಾರವಾಯಿತು.

ಜುಲೈ ಎರಡನೇ ಭಾನುವಾರ ಜಾವಾ-ಯಜ್ದಿಯವರಿಗೆ ಹಬ್ಬ. ಬೇರೆ ಬೇರೆ ಊರಿನಲ್ಲಿ ಗಾಡಿಗಳು ಸಾಲಾಗಿ ಸೇರುತ್ತವೆ. ಮೇಷ್ಟ್ರು ಒಂದು ವರ್ಷವೂ ತಪ್ಪಿಸುವುದಿಲ್ಲ. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅಲ್ಲಿ ಆರೆಕ್ಸ್ ನೂರರ ಹುಡುಗರನ್ನು ಹಿಡಿದು, ಜಾವಾದ ಕಿಕ್ಕರ್ ಎಲ್ಲಿದೆ ಹುಡುಕು ಎಂದು ಪರೀಕ್ಷೆ ಇಡುವುದು ಅವರಿಗೆ ಪರಮಾನಂದ. ಗೇರ್ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಎಂದು ತಿಳಿಯದೆ ಹುಡುಗರು ಗಾಡಿಯನ್ನು ಎರಡು ಸುತ್ತು ಹಾಕುತ್ತಾರೆ. “ನಿಮ್ದು ಯಾವ ಕಡೆ ನಿಲ್ಸಿದೀರಾ ಸಾರ್?” ಎಂದು ಒಬ್ಬ ಕೇಳಿದ್ದಕ್ಕೆ, “ನಂದು ಮನೇಲಿದೆ. ಇನ್ನೊಂದೇ ಐಟಂ ಬಾಕಿ.”

ಇಷ್ಟೆಲ್ಲ ಆದ ಮೇಲೆ ಒಂದು ಸಂಜೆ ಗಾಡಿ ಸ್ಟಾರ್ಟಾಗಿಯೇಬಿಟ್ಟಿತು. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಟೂಟಿ ಆಯಿಲ್ ಅಳೆದು ಪೆಟ್ರೋಲಿಗೆ ಬೆರೆಸಿ, ಶ್ರೀಕಂಠೇಶ್ವರನನ್ನು ನೆನೆದು ಕಿಕ್ ಹೊಡೆದರು. ಬೀದಿ ತುಂಬ ಬಿಳೀ ಹೊಗೆ. ಎದುರುಮನೆಯವರು ಸೊಳ್ಳೆಗೆ ಹೊಗೆ ಬಿಡಲು ಪುರಸಭೆಯವರು ಬಂದರೆಂದು ಕಿಟಕಿ ಮುಚ್ಚಿದರು. ಹೆಡ್‌ಲೈಟೂ ಹತ್ತಿತು, ಆರು ವೋಲ್ಟಿನದಾದ್ದರಿಂದ ಹತ್ತಿದೆಯೋ ಇಲ್ಲವೋ ಎಂದು ಟಾರ್ಚ್ ಬಿಟ್ಟು ನೋಡಿಕೊಂಡೆವು. ಮೇಷ್ಟ್ರ ಮನೆಯವರು ಬಾಗಿಲಲ್ಲಿ ನಿಂತು, ಆ ಸದ್ದು ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, “ಹೊಗೆ” ಅಂದರು. ಮಗಳು ಊರಿಂದ ಬಂದಿದ್ದಳು. ವಿಡಿಯೋ ಮಾಡಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದಳು.

ಎಡವಟ್ಟಾದದ್ದು ಅಲ್ಲೇ. ಮುಂದಿನ ಭಾನುವಾರ ನರಸೀಪುರದಿಂದ ಬಾಮೈದಂದಿರಿಬ್ಬರೂ ಸಂಸಾರ ಸಮೇತ ಮೈಸೂರುಪಾಕಿನ ಡಬ್ಬಿಯೊಂದಿಗೆ ಇಳಿದರು. ಚಿಕ್ಕ ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಿ ಫೋಟೋ ತೆಗೆದರು. ದೊಡ್ಡವನು ಸೀಟು ಸವರುತ್ತಾ ಗದ್ಗದನಾಗಿ, “ಅಪ್ಪಾಜಿ ಗಾಡಿ ಭಾವ ಇದು. ನನ್ನ ಸ್ಕೂಲಿಗೆ ಸೇರಿಸಿದ್ದು ಇದ್ರಲ್ಲೇ. ನೀವು ಪೂರ್ತಿ ರೆಡಿ ಮಾಡ್ಸಿ ತಂದ್ಬುಡಿ, ಸಂಗಮದಲ್ಲಿ ಪೂಜೆ ಮಾಡ್ಸಿ ಮನೆ ಮುಂದೆ ನಿಲ್ಸ್ಕೋತೀವಿ. ಖರ್ಚು ಎಷ್ಟಾಯ್ತೋ ಕೊಟ್ಬುಡ್ತೀವಿ” ಅಂದ. ಮೇಷ್ಟ್ರು ನೋಟ್‌ಬುಕ್ ತರಲು ಒಳಗೆ ಹೋದರು, ಬಾಗಿಲ ಹತ್ತಿರವೇ ನಿಂತರು. ಎಡಗಡೆ ಕಾಲಮ್ಮಿನ ಮೊತ್ತ ಹದಿನಾಲ್ಕು ಸಾವಿರದ ಒಂಬೈನೂರು. ಬಲಗಡೆಯದನ್ನು ಕೂಡಿದವರು ಇಲ್ಲ. ಇಷ್ಟು ವರ್ಷ ಮನೆಯವರಿಗೆ ತೋರಿಸಿದ ಮೊತ್ತವನ್ನೇ ಬಾಮೈದನಿಗೂ ತೋರಿಸಬೇಕು. ಬೇರೆ ಹೇಳಿದರೆ ಮನೆಯವರು ಪಕ್ಕದಲ್ಲೇ ಇದ್ದಾರೆ.

ಕಾನೂನೂ ಬಾಮೈದಂದಿರ ಕಡೆಗೇ ಇತ್ತು. ಆರ್.ಸಿ. ಮಾವನ ಹೆಸರಿನಲ್ಲಿದೆ. ತೀರಿಕೊಂಡವರ ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಫಾರಂ 31 ತುಂಬಬೇಕು, ಮರಣ ಪತ್ರ ಇಡಬೇಕು, ಬಾಕಿ ವಾರಸುದಾರರು ಒಪ್ಪಿ ಸೈನ್ ಹಾಕಬೇಕು. “ಅದಕ್ಕೇನಂತೆ, ಗಾಡಿ ಪೂರ್ತಿ ಆದ ದಿನ ಕೂತು ಮಾತಾಡನ” ಎಂದು ಚಿಕ್ಕವನು ನಕ್ಕ. ಮೇಷ್ಟ್ರು ಪಾಠ ಮಾಡಿದ ಮನುಷ್ಯ. ‘ಪೂರ್ತಿ ಆದ ದಿನ’ ಎನ್ನುವುದು ಅವರಿಗೆ ಚೆನ್ನಾಗಿ ಕೇಳಿಸಿತು.

ಅಂದಿನಿಂದ ಗಾಡಿ ಪೂರ್ತಿಯಾಗಿಲ್ಲ. ಮೊದಲು ಸ್ಪೀಡೋಮೀಟರ್ ಕೇಬಲ್ ಸರಿಯಿಲ್ಲ ಅಂತಾಯಿತು, ಆಮೇಲೆ ಸೀಟಿನ ಅಂಚಿನ ಪಟ್ಟಿ, ಆಮೇಲೆ ಮರೂನ್ ಬಣ್ಣದ ತಕರಾರು ಮತ್ತೆ ಎದ್ದಿತು. ಪೇಂಟ್ ಶಾಪಿನ ಹಿರಿಯರ ಪಟ್ಟಿ ಬಿಚ್ಚಿ ಎಷ್ಟೋ ಕಾಲವಾಗಿದ್ದರೂ ಮೇಷ್ಟ್ರು ಆ ಕಡೆ ಹೋಗಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ಎಂದು ಬೇರೆ ನೋಂದಣಿ ತಂದಿತಲ್ಲ, ಅದನ್ನು ಅವರು ಬಾಯಿಪಾಠ ಮಾಡಿದ್ದಾರೆ: ನಂಬರಿನಲ್ಲಿ ‘ವಿಎ’ ಅಕ್ಷರ, ಹೊಸ ನೋಂದಣಿಗೆ ಇಪ್ಪತ್ತು ಸಾವಿರ ಶುಲ್ಕ, ಮಾಮೂಲಿ ಓಡಾಟಕ್ಕೆ ಬಳಸುವ ಹಾಗಿಲ್ಲ. “ದಿನಾ ಓಡಿಸಬೇಡಿ ಅಂತ ಸರ್ಕಾರವೇ ಹೇಳಿದೆ” ಎಂದು ಬೀದಿಯವರಿಗೆಲ್ಲ ತೃಪ್ತಿಯಿಂದ ತಿಳಿಸುತ್ತಾರೆ. ರಾತ್ರಿ ಊಟವಾದ ಮೇಲೆ ಮಾತ್ರ ಗಾಡಿಯನ್ನು ತಳ್ಳಿಕೊಂಡು ಮೂಲೆ ತಿರುಗಿಸಿ, ಅಲ್ಲಿಂದ ಸ್ಟಾರ್ಟ್ ಮಾಡಿ ಹೊಳೆ ಕಡೆ ಹೋಗಿ ಬರುತ್ತಾರೆಂದು ಕೇಳಿದ್ದೇನೆ. ಹಿಂದಿನ ಸೀಟಿನಲ್ಲಿ ಯಾರೋ ಸೆರಗು ಹೊದ್ದುಕೊಂಡು ಕೂತಿದ್ದರಂತೆ.

ಈಗ ಬಾಕಿಯಿರುವ ಐಟಂ ಟ್ಯಾಂಕಿನ ಎಡಗಡೆಯ ಮೊಣಕಾಲು ರಬ್ಬರು, ಮೇಲೆ ಜಾವಾ ಎಂದು ಉಬ್ಬಕ್ಷರವಿರುವಂಥದ್ದು. ಹೋದ ತಿಂಗಳು ಮೇಷ್ಟ್ರ ಹಳೇ ಶಿಷ್ಯನೊಬ್ಬ ಎಲ್ಲೋ ಗುಜರಿಯಲ್ಲಿ ಹುಡುಕಿ, ಅಸಲಿ ಕಾರ್ಖಾನೆಯದನ್ನೇ, ಕವರಿನಲ್ಲಿ ಸುತ್ತಿ ತಂದು ಎರಡೂ ಕೈಯಲ್ಲಿ ಕೊಟ್ಟ. ದುಡ್ಡು ಬೇಡ ಸಾರ್, ಗುರುದಕ್ಷಿಣೆ ಅಂದ. ಮೇಷ್ಟ್ರ ಮುಖ ಸಣ್ಣದಾಯಿತು. ಕನ್ನಡಕ ಏರಿಸಿ, ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬೆರಳಲ್ಲಿ ದಪ್ಪ ನೋಡಿ, ಕೊನೆಗೆ ಹಗುರಾಗಿ ಉಸಿರು ಬಿಟ್ಟು ಅದನ್ನು ಅವನ ಕೈಗೇ ವಾಪಸ್ ಇಟ್ಟರು.

“ಚೆನ್ನಾಗಿದೆ ಕಣಪ್ಪಾ. ಆದ್ರೆ ಇದು ಅರವತ್ತೊಂಬತ್ತರದು.”